ಪದ್ಮಿನಿಯ ಬ್ರೇಕು, ಗಿರಿಜಕ್ಕನ ಕಾಲು

ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿಗೆ ಹೊಸದಾಗಿ ಸೇರಿದ ಹುಡುಗರೇ, ಹುಡುಗಿಯರೇ, ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕಾಲುಗಳು ನೋಯುತ್ತವೆ. ದಿನವಿಡೀ ನಿಂತೇ ಇರಬೇಕು. ಗಿರಾಕಿ ಬೈದರೆ ನಗಬೇಕು, ಮಾಲಕರು ಬೈದರೆ ಕೇಳಿಸದವರಂತೆ ಡಬ್ಬಿಗಳ ಧೂಳು ಹೊಡೆಯಬೇಕು. ಇದನ್ನೆಲ್ಲ ನಾನು ಮೀಸೆ ಮೂಡುವ ಮುಂಚೆ ಕಲಿತು, ಮೀಸೆ ಬೆಳ್ಳಗಾದ ಮೇಲೆ ಬಿಟ್ಟುಬಂದೆ. ಅಷ್ಟೂ ವರ್ಷ ಹುಬ್ಬಳ್ಳಿಯಲ್ಲಿ ಬ್ರೇಕಿನ ಸಾಮಾನು ಮಾರುವ ಅದೇ ಅಂಗಡಿ, ಅದೇ ಕೌಂಟರು. ಆಚೆ ಬದಿಯ ಜನ ಬದಲಾದರು, ಈಚೆ ಬದಿಯಲ್ಲಿ ನಾನು ಮಾತ್ರ ನಿಂತೇ ಇದ್ದೆ.

"ಅದರಾಗ ಏನೈತಿ ಮಲ್ಲೇಶಣ್ಣ, ಕೇಳಿದ್ದು ತಗದ ಕೊಡೂದು" ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ. ತಪ್ಪು ಹಾರ್ನ್ ಕೊಟ್ಟರೆ ಗಾಡಿ ಎಮ್ಮೆಯ ಹಾಗೆ ಒದರೀತು, ಅಷ್ಟೇ. ತಪ್ಪು ಬ್ರೇಕ್ ಕೊಟ್ಟರೆ? ಅದರಲ್ಲೂ ಮಾಸ್ಟರ್ ಸಿಲಿಂಡರ್ ಎಂಬ ಸಾಮಾನಿದೆಯಲ್ಲ, ಅದನ್ನು ಆರಿಸಿ ಕೊಡುವುದು ಹೆಣ್ಣು ನೋಡಿ ಲಗ್ನ ಕುದುರಿಸಿದಷ್ಟೇ ಜವಾಬ್ದಾರಿಯ ಕೆಲಸ. ನೋಡಲಿಕ್ಕೆ ಮೊಳಕೈಗಿಂತ ಚಿಕ್ಕ ಕಬ್ಬಿಣದ ಕೊಳವೆ. ನೀವು ಪೆಡಲ್ ಒತ್ತಿದಾಗ ಎಣ್ಣೆಯನ್ನು ನಾಲ್ಕೂ ಚಕ್ರಕ್ಕೆ ತಳ್ಳುವುದು ಅದೇ. ತಲೆಯ ಮೇಲೆ ಒಂದು ಎಣ್ಣೆ ಡಬ್ಬಿ, ಡಬ್ಬಿಗೊಂದು ಮುಚ್ಚಳ. ಹಳೆಯ ಗಾಡಿಗಳಲ್ಲಿ ಇಡೀ ಬ್ರೇಕಿಗೆ ಅದೊಂದೇ ಆಸರೆ.

ನನಗೆ ಈ ಕೆಲಸ ಕಲಿಸಿದವರು ದತ್ತೋಬಾ ಕಾಕಾ. ಅಂಗಡಿಯ ಹಿರಿಯ ನೌಕರರು. ಮೂಗಿನ ತುದಿಯಲ್ಲಿ ಕನ್ನಡಕ, ಬಾಯಲ್ಲಿ ಅಡಿಕೆ ಚೂರು. ಗಿರಾಕಿ ಬಂದೊಡನೆ ನಾನು "ಯಾವ ಗಾಡೀರಿ?" ಎಂದು ಕೇಳುತ್ತಿದ್ದೆ. ಕಾಕಾ ನನ್ನ ತಲೆಗೆ ಮೊಟಕುತ್ತಿದ್ದರು.

"ಗಾಡಿ ಆಮ್ಯಾಲ ಕೇಳು ತಮ್ಮಾ. ಮೊದಲ ಒತ್ತಾವ್ರು ಯಾರು ಅಂತ ಕೇಳು. ಬ್ರೇಕ್ ಹಾಕೂದು ಗಾಡಿ ಅಲ್ಲ, ಮನಷ್ಯಾನ ಕಾಲು."

ಅದರ ಅರ್ಥ ಆಗ ನನಗೆ ಆಗಲಿಲ್ಲ. ಆಮೇಲೆ ಆಯಿತು. ಸಿಲಿಂಡರಿನ ಒಳಹೊಟ್ಟೆ ದಪ್ಪಗಿದ್ದರೆ ಪೆಡಲ್ ಗಟ್ಟಿಯಾಗುತ್ತದೆ. ತುಸುವೇ ಇಳಿದರೂ ಬ್ರೇಕ್ ಹಿಡಿಯುತ್ತದೆ, ಆದರೆ ಒದ್ದ ಹಾಗೆ ಒತ್ತಬೇಕು. ಒಳಹೊಟ್ಟೆ ಸಣ್ಣದಿದ್ದರೆ ಪೆಡಲ್ ಹಗುರ, ಆದರೆ ದೂರ ಇಳಿಯುತ್ತದೆ. ಹೊರಗಿನಿಂದ ಎರಡೂ ಅಣ್ಣ ತಮ್ಮಂದಿರ ಹಾಗೆ ಒಂದೇ ಥರ ಕಾಣುತ್ತವೆ. ಕೊಳವೆಯ ಬಾಯಿ ಅಳೆದು ನೋಡದೆ ಕೊಟ್ಟರೆ ಮುಗಿಯಿತು.

ಕಾಕಾ ಕಲಿಸಿದ ಇನ್ನೊಂದು ರೂಢಿ ಊದಿ ನೋಡುವುದು. ಹೊಸ ಸಾಮಾನೇ ಇರಲಿ, ಹಳೆಯದೇ ಬರಲಿ, ಅದರಲ್ಲಿ ಎಷ್ಟು ತೂತುಗಳಿವೆಯೋ ಅಷ್ಟಕ್ಕೂ ಬಾಯಿಟ್ಟು ಊದಬೇಕು. ಗಾಳಿ ಆ ಬದಿಯಿಂದ ಹೊರಬಂದರೆ ತೂತು ಸರಿ. "ತೂತು ಸುಮ್ನ ಇಟ್ಟಿರಂಗಿಲ್ಲ ಯಾರೂ" ಎನ್ನುತ್ತಿದ್ದರು. ಬ್ರೇಕ್ ಎಣ್ಣೆಯ ರುಚಿ ಹೇಗಿರುತ್ತದೆ ಎಂದು ಹುಬ್ಬಳ್ಳಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಾಯಿ ತೊಳೆದುಕೊಳ್ಳದೆ ಊಟಕ್ಕೆ ಕೂತು ನನ್ನ ಹೆಂಡತಿಯ ಕೈಲಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಕಾಕಾನ ಮೂಗಂತೂ ಇನ್ನೂ ಚುರುಕು. ಒಮ್ಮೆ ನವಲಗುಂದ ರಸ್ತೆಯಿಂದ ಒಬ್ಬ ಜೀಪಿನವನು ಬಂದ. ಪೆಡಲ್ ಒತ್ತಿದರೆ ಮೇಲೇಳುತ್ತಿಲ್ಲ ಎಂದು ಸಿಲಿಂಡರ್ ಬಿಚ್ಚಿಸಿ, ಪೇಪರಿನಲ್ಲಿ ಸುತ್ತಿ ತಂದಿದ್ದ. ಕಾಕಾ ಪೇಪರ್ ಬಿಚ್ಚಿ ಮೂಸಿದರು. ಮತ್ತೊಮ್ಮೆ ಮೂಸಿದರು.

"ಏನ್ ಹಾಕೀದಿ ಇದಕ್ಕ?"

"ಹಾದ್ಯಾಗ ಎಣ್ಣಿ ಖಾಲಿ ಆತ್ರಿ. ಗಾಡ್ಯಾಗ ಲಗ್ನದ ಅಡಿಗಿ ಸಾಮಾನಿತ್ರಿ. ಕುಸುಬಿ ಎಣ್ಣಿ ಹಾಕಿದ್ನಿರಿ. ಎಣ್ಣಿ ಎಣ್ಣೀನ ಅಲ್ಲೇನ್ರಿ?"

ಕುಸುಬೆ ಎಣ್ಣೆ ಕುಡಿದ ರಬ್ಬರುಗಳು ಹಬ್ಬದೂಟ ಉಂಡವರ ಹಾಗೆ ಉಬ್ಬಿ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದವು. ಕಾಕಾ ಒಂದಿಷ್ಟೂ ನಗದೆ, "ಇದರಾಗ ಮಿರ್ಚಿ ಕರದಿದ್ರ ಛಲೋ ಆಗಿರತಿತ್ತು ನೋಡಪಾ" ಅಂದರು. ನಾನು ನಗು ತಡೆಯಲಾರದೆ ಗೋದಾಮಿಗೆ ಓಡಿದೆ.

ನಮ್ಮ ಮಾಲಕರದು ಇನ್ನೊಂದು ಕಥೆ. ಒಳ್ಳೆಯ ಮನುಷ್ಯ, ಆದರೆ ಅಗ್ಗದ ಮಾಲು ಕಂಡರೆ ಕೈ ಕಟ್ಟಿ ಕೂರುವವರಲ್ಲ. ಒಮ್ಮೆ ಹೊರಗಿನ ಊರಲ್ಲಿ ಯಾವುದೋ ಅಂಗಡಿ ಮುಚ್ಚುವಾಗ ಮಾಸ್ಟರ್ ಸಿಲಿಂಡರುಗಳ ಒಂದು ದೊಡ್ಡ ಪೆಟ್ಟಿಗೆಯನ್ನೇ ಎತ್ತಿಕೊಂಡು ಬಂದರು. ಎಲ್ಲವೂ ದಪ್ಪ ಹೊಟ್ಟೆಯವು. "ಬೋಲ್ಟಿನ ತೂತು ಕೂಡ್ತಾವ, ಪೈಪು ಕೂಡತೈತಿ, ಮತ್ತೇನ ಬೇಕು? ಕೊಡು" ಎಂದರು. ಧಾರವಾಡದ ಒಬ್ಬ ವಕೀಲರ ಹಳೆಯ ಕಾರಿಗೆ ಒಂದು ಹೋಯಿತು. ವಕೀಲರು ಕಡ್ಡಿಯಂಥ ಆಳು. ವಾರ ಕಳೆಯುವುದರೊಳಗೆ ಬಂದು ಕೌಂಟರಿನ ಮುಂದೆ ಏದುಸಿರು ಬಿಡುತ್ತ ನಿಂತರು. "ಮಲ್ಲೇಶಪ್ಪಾ, ಬ್ರೇಕ್ ಹಾಕಬೇಕಂದ್ರ ಸೀಟ್ ಬಿಟ್ಟು ಎದ್ದು ನಿಂದರಬೇಕಾಗ್ಯದ. ನಾ ಕೋರ್ಟಿಗೆ ಹೊಂಟೇನೋ ಗರಡಿ ಮನಿಗೆ ಹೊಂಟೇನೋ?" ಎಂದರು. ಮಾಲಕರು ಒಳಗಿನಿಂದ ಎಲ್ಲ ಕೇಳಿಸಿಕೊಂಡೂ ಹೊರಗೆ ಬರಲಿಲ್ಲ. ಆ ಪೆಟ್ಟಿಗೆ ನಾನು ನಿವೃತ್ತನಾಗುವ ತನಕ ಅಂಗಡಿಯಲ್ಲೇ ಇತ್ತು. ಯಾವ ಹಳೆ ಗಾಡಿ ಬಂದರೂ ಮಾಲಕರ ಕಣ್ಣು ಮೊದಲು ಅದರ ಕಡೆಗೇ ಹೋಗುತ್ತಿತ್ತು.

ಈಗ ಎಲ್ಲ ಬದಲಾಗಿದೆ. ಪೇಪರಿನಲ್ಲಿ ಸುತ್ತಿ ತರುವ ಬದಲು ಮೊಬೈಲಿನಲ್ಲಿ ಫೋಟೋ ಬರುತ್ತದೆ. ಕಂಪ್ಯೂಟರಿನಲ್ಲಿ ನಂಬರ್ ಒತ್ತಿದರೆ ಯಾವ ಶೆಲ್ಫು ಎಂದು ಹೇಳುತ್ತದೆ. ಒಳ್ಳೆಯದೇ, ನಾನೇನೂ ಹಳೆಯ ಕಾಲವನ್ನು ಹೊಗಳುತ್ತ ಕೂರುವವನಲ್ಲ. ಏಣಿ ಹತ್ತಿ ಇಳಿದು ನನ್ನ ಸೊಂಟ ಹೋಗಿದೆ. ಆದರೆ ಫೋಟೋದಲ್ಲಿ ಒಳಹೊಟ್ಟೆ ಕಾಣುವುದಿಲ್ಲ, ಒತ್ತುವ ಕಾಲಂತೂ ಕಾಣುವುದೇ ಇಲ್ಲ. ಅದಕ್ಕೇ ನಿಮಗೆ ಗಿರಿಜಕ್ಕನ ಪದ್ಮಿನಿಯ ಸಂಗತಿ ಹೇಳಬೇಕೆಂದು ಇದನ್ನು ಬರೆಯಲು ಕೂತೆ. ನಾನು ನಿವೃತ್ತನಾಗುವುದಕ್ಕೆ ಸ್ವಲ್ಪ ಮುಂಚೆ ನಡೆದದ್ದು.

ಗಿರಿಜಕ್ಕ ಉಣಕಲ್ಲಿನವರು. ಯಜಮಾನರು ಚನ್ನಬಸಪ್ಪನವರು, ಕಾಳುಕಡಿ ವ್ಯಾಪಾರ ಮಾಡಿ ಈಗ ಮಗ ಬಸವರಾಜನಿಗೆ ವಹಿಸಿಕೊಟ್ಟವರು. ಮನೆಯಲ್ಲಿ ಮೊಸರಿನ ಬಣ್ಣದ ಒಂದು ಪದ್ಮಿನಿ ಕಾರಿತ್ತು. ಚನ್ನಬಸಪ್ಪನವರು ಕಣ್ಣಿನ ಪೊರೆ ತೆಗೆಸಿದ ಮೇಲೆ ಗಾಡಿ ಓಡಿಸುವುದನ್ನು ಬಿಟ್ಟರು. ಮಗ ಹೊಸ ಕಾರು ತಂದ. ಪದ್ಮಿನಿಯ ಮೇಲೆ ಕೋಳಿ ಕೂರತೊಡಗಿತು. ಆಗ ಗಿರಿಜಕ್ಕ ಒಂದು ದಿನ ಕೀಲಿಕೈ ತೆಗೆದುಕೊಂಡು, "ಸೊಸಿ ಬಂದಾಳ, ಒಲಿ ಆಕಿ ನೋಡ್ಕೊಂತಾಳ. ನಾ ಸ್ಟೇರಿಂಗ್ ನೋಡ್ಕೊಂತೇನಿ" ಎಂದು ಘೋಷಿಸಿಬಿಟ್ಟರು. ಮೊಮ್ಮಕ್ಕಳಾದ ಮೇಲೆ ಡ್ರೈವಿಂಗ್ ಕಲಿತ ಹೆಂಗಸು! ಮೊದಲ ತಿಂಗಳು ಉಣಕಲ್ಲಿನ ನಾಯಿಗಳೆಲ್ಲ ಕಟ್ಟೆ ಏರಿ ಕೂರುತ್ತಿದ್ದವಂತೆ. ಆಮೇಲೆ ಕೈ ಕೂತಿತು. ಪ್ರತಿ ಸೋಮವಾರ ಧಾರವಾಡದ ಸಪ್ತಾಪುರದಲ್ಲಿ ವಚನ ಹಾಡುವ ಗೆಳತಿಯರ ಕೂಟ. ಓಣಿಯ ಇಬ್ಬರು ಗೆಳತಿಯರನ್ನೂ ಹಿಂದಿನ ಸೀಟಿನಲ್ಲಿ ಯಜಮಾನರನ್ನೂ ಕೂರಿಸಿಕೊಂಡು ಗಿರಿಜಕ್ಕ ಹೊರಡುತ್ತಿದ್ದರು. ಚನ್ನಬಸಪ್ಪನವರು ಮನೆಯ ಗೇಟು ದಾಟುವಾಗ ಮುಚ್ಚಿದ ಕಣ್ಣನ್ನು ಧಾರವಾಡದಲ್ಲಿಯೇ ತೆರೆಯುತ್ತಿದ್ದದ್ದು.

ಆ ಗಾಡಿಯ ಪೆಡಲ್ ಒಮ್ಮೆ ಕುಸಿಯತೊಡಗಿತು. ಅವರ ಮೆಕ್ಯಾನಿಕ್ ರಜಾಕ್, ಹಳೇ ಹುಬ್ಬಳ್ಳಿಯವನು, ನಮ್ಮ ಅಂಗಡಿಯ ಕಾಯಂ ಗಿರಾಕಿ. ಸಿಲಿಂಡರ್ ಸವೆದಿದೆ ಎಂದು ಸರಿಯಾಗಿಯೇ ಹೇಳಿ ದಂಪತಿಗಳನ್ನು ಕರೆದುಕೊಂಡು ನನ್ನ ಹತ್ತಿರ ಬಂದ. ಹಳೆಯದರ ಬಾಯಿ ಅಳೆದೆ. ಅದೇ ಅಳತೆಯ ಹೊಸದನ್ನು ತೆಗೆದೆ, ಊದಿ ನೋಡಿದೆ, ಮುಚ್ಚಳ ಸಮೇತ ಕೊಟ್ಟೆ. ಕೊಡುವಾಗ ಎಲ್ಲ ಗಿರಾಕಿಗಳಿಗೂ ಹೇಳುವ ಮಾತನ್ನೇ ಹೇಳಿದೆ.

"ಜ್ವಾಕಿರಿ. ಗಾಡಿ ಜೀವ ಇದರಾಗ ಐತಿ."

ಗಿರಿಜಕ್ಕ "ಆತು ಬಿಡ್ರಿ" ಎಂದು ಹೊರಟರು. ಹಿಂದೆ ನಿಂತಿದ್ದ ಚನ್ನಬಸಪ್ಪನವರು ಮಾತ್ರ ಆ ಸಿಲಿಂಡರನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ದೊಡ್ಡವರ ಭಕ್ತಿ ಎಂದುಕೊಂಡೆ.

ಕೆಲವು ವಾರ ಗಾಡಿ ಚಂದ ನಡೆಯಿತು. ಆಮೇಲೊಂದು ಸೋಮವಾರ ನವನಗರ ದಾಟುವ ಹೊತ್ತಿಗೆ ಪದ್ಮಿನಿ ಭಾರವಾಗತೊಡಗಿತು. ಬ್ರೇಕಿನಿಂದ ಕಾಲು ತೆಗೆದರೂ ಬ್ರೇಕು ಬಿಡುತ್ತಿಲ್ಲ. ನಾಲ್ಕೂ ಚಕ್ರ ಕಚ್ಚಿ ಹಿಡಿದು, ಸುಟ್ಟ ವಾಸನೆ ಬಂದು, ಗಾಡಿ ನಡುರಸ್ತೆಯಲ್ಲಿ ಮುಷ್ಕರ ಹೂಡಿದಂತೆ ನಿಂತುಬಿಟ್ಟಿತು. ಗೆಳತಿಯರು ಸೆರಗು ಸಿಕ್ಕಿಸಿ ತಳ್ಳಿದರೂ ಅಲುಗಲಿಲ್ಲ. ತಣ್ಣಗಾಗಲು ಬಿಟ್ಟು, ಬಹಳ ಹೊತ್ತಿನ ಮೇಲೆ ಹೇಗೋ ರಜಾಕನ ಗ್ಯಾರೇಜಿಗೆ ತಂದರು. ಅವನು ಬಾನೆಟ್ ಎತ್ತಿ, ಮುಚ್ಚಳ ತೆಗೆದು ಎಣ್ಣೆ ನೋಡಿ, ಚಕ್ರ ತಿರುಗಿಸಿದರೆ ಬುಗುರಿಯ ಹಾಗೆ ತಿರುಗುತ್ತವೆ! ಗ್ಯಾರೇಜಿಗೆ ಬಂದರೆ ಸುಮ್ಮನೆ, ರಸ್ತೆಗೆ ಬಿಟ್ಟರೆ ಹಟ. ಒತ್ತಿದ ಎಣ್ಣೆ ವಾಪಸ್ ಬರುವ ದಾರಿ ಸಿಲಿಂಡರಿನಲ್ಲಿ ಕಟ್ಟಿರಬೇಕು ಎಂದು ರಜಾಕ್ ಅದನ್ನು ಬಿಚ್ಚಿ ನನ್ನ ಕೌಂಟರಿಗೆ ತಂದ.

ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಪೂಜೆ ಆದ ಸಾಮಾನು. ನಾನೂ ಕಣ್ಣಿಗೊತ್ತಿಕೊಂಡು, ಮುಚ್ಚಳವನ್ನು ಮೇಜಿನ ಮೇಲೆ ಮರ್ಯಾದೆಯಿಂದ ಎತ್ತಿಟ್ಟು, ಸಿಲಿಂಡರಿನ ತೂತುಗಳನ್ನೆಲ್ಲ ಊದಿದೆ. ಎಲ್ಲ ಸರಿ ಇದೆ. ಪೆಡಲಿಗೂ ಸಿಲಿಂಡರಿಗೂ ನಡುವಿನ ಕಡ್ಡಿ ಸದಾ ಒತ್ತಿಕೊಂಡಿದ್ದರೆ ಹೀಗಾಗುತ್ತದೆ ಎಂದೆ. ರಜಾಕ್ ಅದನ್ನೂ ನೋಡಿದ್ದ, ಸರಿ ಇತ್ತು. "ಪೀಸ್ ಖರಾಬ್ ಇರಬೇಕು ಕಾಕಾ" ಅಂದ. ಈಗಿನವರಿಗೆ ನಾನೇ ಕಾಕಾ. ಬೇರೆ ಪೀಸು ಕೊಟ್ಟೆ, ಹೊಸ ಮುಚ್ಚಳದೊಂದಿಗೆ. ಮತ್ತೆ ಕೆಲವು ವಾರ ಚಂದ. ಮತ್ತೆ ಅದೇ ಹಟ, ಈ ಸಲ ಇನ್ನೂ ಬೇಗ.

ಈಗ ಮಗ ಬಸವರಾಜ ರಂಗಕ್ಕಿಳಿದ. ಬೈಪಾಸಿನ ಮೇಲಿನ ಒಂದು ಹೊಟೇಲಿನವರು ಪದ್ಮಿನಿಯನ್ನು ಬಹಳ ದಿನದಿಂದ ಕೇಳುತ್ತಿದ್ದರಂತೆ. ಅಂಗಳದಲ್ಲಿ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸಿ, ಡಿಕ್ಕಿಯಲ್ಲಿ ಹೂವಿನ ಕುಂಡ ಇಡುತ್ತಾರಂತೆ. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೆ. ಬಸವರಾಜ ತಾಯಿ, ತಂದೆ, ರಜಾಕ್ ಎಲ್ಲರನ್ನೂ ಕರೆದುಕೊಂಡು ನಮ್ಮ ಅಂಗಡಿಗೇ ಬಂದ. ಜಗಳಕ್ಕಲ್ಲ, ಹುಡುಗ ಸಂಭಾವಿತ. ಆದರೆ ಹೆದರಿದ್ದ.

"ಇಂದು ಬ್ರೇಕ್ ಬಿಡವಲ್ದು. ನಾಳೆ ಬ್ರೇಕ್ ಹಿಡೀಲಿಲ್ಲಂದ್ರ ಏನ್ ಮಾಡೂದ್ರಿ ಕಾಕಾ? ನಮ್ಮವ್ವ ಇರ್ತಾಳ ಅದರಾಗ. ಇದೊಂದ ಸಲ ನೋಡ್ರಿ. ಆಗಲಿಲ್ಲಂದ್ರ ಗಾಡಿ ಹೊಟೇಲಿಗೆ ಕೊಟ್ಟಬಿಡೂದು. ಅವ್ವನೂ ಒಪ್ಯಾಳ."

ನಾನು ಗಿರಿಜಕ್ಕನ ಮುಖ ನೋಡಿದೆ. ಯಾವತ್ತೂ ಮಾತಿಗೆ ಮಾತು ಕೊಡುವ ಹೆಂಗಸು ಸೀರೆಯ ಅಂಚು ತಿರುವುತ್ತ ನಿಂತಿದ್ದರು.

"ಒಪ್ಪೇನಿ ಮಲ್ಲೇಶಣ್ಣ. ಮಗಾ ಅಂಜ್ಯಾನ, ಅವನೂ ಸುಳ್ಳ ಹೇಳಾಕತ್ತಿಲ್ಲ" ಎಂದರು. ಆಮೇಲೆ ಮೆಲ್ಲಗೆ, "ಆದ್ರ ಖರೇ ಹೇಳ್ತೇನಿ. ಹುಟ್ಟಿದಾಗಿಂದ ಯಾರರ ಕರಕೊಂಡು ಹೋದಲ್ಲೆ ಹೋಗೇನಿ. ಈ ಗಾಡಿ ಬಂದ ಮ್ಯಾಲ ನಾನ ನಾಕು ಮಂದೀನ ಕರಕೊಂಡು ಹೊಂಟೇನಿ. ಅದರಾಗ ಹೂವಿನ ಕುಂಡ ಇಡ್ತಾರಂತ" ಎಂದರು.

ಅಷ್ಟರಲ್ಲಿ ಮಾಲಕರು ಒಳಗಿನಿಂದ ಬಂದು ಆ ದಪ್ಪ ಹೊಟ್ಟೆಯ ಪೆಟ್ಟಿಗೆಯ ಧೂಳು ಒರೆಸತೊಡಗಿದರು. "ಹಳೇ ಗಾಡಿಗೆ ಸಣ್ಣ ಸೈಜು ತಡಿಯಂಗಿಲ್ರಿ. ಇದು ದೊಡ್ಡದು, ಜೋರ್ ಐತಿ. ಇದನ್ನ ಹಾಕಿಸ್ರಿ."

"ಅಕ್ಕಾರ, ಮೊಣಕಾಲು ಹೆಂಗದಾವ?" ಎಂದು ಕೇಳಿದೆ.

"ಮೆಟ್ಲ ಹತ್ತಂದ್ರ ಅಳತಾವ. ಪೆಡಲ್ ಒತ್ತಂದ್ರ ಒತ್ತತಾವ."

"ಹಂಗಾರ ಇದು ಬ್ಯಾಡ್ರಿ ಮಾಲಕ್ರ" ಎಂದು ಪೆಟ್ಟಿಗೆ ಮುಚ್ಚಿದೆ. "ಇವತ್ತ ಬ್ರೇಕ್ ಬಿಡವಲ್ದು. ಆ ಕಾಲಿಗೆ ಈ ಸೈಜು ಕೊಟ್ರ ನಾಳೆ ಗಾಡಿ ನಿಂದ್ರಂಗಿಲ್ಲ." ಮಾಲಕರಿಗೆ ವಕೀಲರ ನೆನಪಾಗಿರಬೇಕು, ಗೊಣಗುತ್ತ ಒಳಗೆ ಹೋದರು.

ಆದರೆ ಅದೇ ಅಳತೆಯ ಇನ್ನೊಂದನ್ನು ಕೊಟ್ಟು ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದೂ ಕಚ್ಚಿ ನಿಂತರೆ ಹೆಂಗಸಿನ ಗಾಡಿ ಹೋಯಿತೆಂದೇ ಲೆಕ್ಕ. ಕೊನೆಗೆ ಹೇಳಿದೆ: ಸೋಮವಾರ ನಾನೇ ಜೊತೆಗೆ ಬರುತ್ತೇನೆ. ಹೊಸ ಪೀಸು ನನ್ನ ತೊಡೆಯ ಮೇಲಿರಲಿ, ಈಗಿರುವುದು ಗಾಡಿಯಲ್ಲೇ ಇರಲಿ. ಅಲ್ಲಿಯವರೆಗೆ ರಜಾಕ್ ಬಾನೆಟ್ಟಿಗೆ ಕೈ ಹಚ್ಚಕೂಡದು. ಅದು ಹಟ ಮಾಡುವಾಗ ನನ್ನ ಕಣ್ಣೆದುರೇ ಮಾಡಲಿ.

ಆ ಸೋಮವಾರ ಗೆಳತಿಯರಿಗೆ ರಜೆ. ಗಿರಿಜಕ್ಕ ಸ್ಟೇರಿಂಗಿನಲ್ಲಿ, ಪಕ್ಕದಲ್ಲಿ ಪೇಪರ್ ಸುತ್ತಿದ ಸಿಲಿಂಡರ್ ಹಿಡಿದ ನಾನು, ಹಿಂದೆ ರಜಾಕ್ ಮತ್ತು ಚನ್ನಬಸಪ್ಪನವರು. ಚನ್ನಬಸಪ್ಪನವರು ಬಿಳಿ ಧೋತರ ಸರಿಮಾಡಿಕೊಂಡು, ಕೂತವರೇ ಕಣ್ಣು ಮುಚ್ಚಿದರು. "ಶಿವ ಶಿವ" ಎಂದು ಶುರುವಾಯಿತು. ಗಿರಿಜಕ್ಕ ಕನ್ನಡಿಯಲ್ಲಿ ನೋಡಿ, "ನೋಡ್ರಿ ಮಲ್ಲೇಶಣ್ಣ, ನನ್ನ ಡ್ರೈವಿಂಗ್ ನೋಡಾಕ ಆಗಂಗಿಲ್ಲ ಇವರಿಗೆ" ಎಂದರು. ನಗುತ್ತಲೇ ಅಂದರೂ ಮಾತಿನಲ್ಲಿ ಸ್ವಲ್ಪ ಹುಳಿ ಇತ್ತು.

ಸುಳ್ಳು ಹೇಳಬಾರದು, ಚೆನ್ನಾಗಿಯೇ ಓಡಿಸಿದರು. ಸಿಗ್ನಲ್ಲಿನಲ್ಲಿ ಒಬ್ಬ ರಿಕ್ಷಾದವನಿಗೆ ಕೊಟ್ಟ ಬೈಗುಳವೂ ಚೆನ್ನಾಗಿತ್ತು. ಅಲ್ಲಲ್ಲಿ ಬ್ರೇಕ್ ಹಾಕುತ್ತ, ಬಿಡುತ್ತ ನವನಗರ ದಾಟಿದೆವು. ಆಗ ಗಾಡಿ ಮೂಲಂಗಿ ತಿಂದವರ ಹಾಗೆ ಮುಲುಗತೊಡಗಿತು. ಗಿರಿಜಕ್ಕ ಗೇರು ಇಳಿಸಿದರು. ಮತ್ತೆ ಇಳಿಸಿದರು. ತುಸು ಇಳಿಜಾರಿನ ರಸ್ತೆಯಲ್ಲೇ, ಬದಿಗೆ ಸರಿದು, ಗಾಡಿ ಗಕ್ಕನೆ ನಿಂತಿತು. ನ್ಯೂಟ್ರಲ್ ಮಾಡಿದರೂ ಅಲುಗಲಿಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್ಲಿನಲ್ಲಿ ಗಾಡಿ ನಿಂತಿದೆ ಎಂದರೆ ನಾಲ್ಕೂ ಚಕ್ರ ಹಿಡಿದಿವೆ ಎಂದೇ ಅರ್ಥ.

"ಅಕ್ಕಾರ, ಅಲ್ಲೇ ಕುಂದರ್ರಿ" ಎಂದು ನಾನೂ ರಜಾಕನೂ ಇಳಿದು ಬಾನೆಟ್ ಎತ್ತಿದೆವು. ಈ ಮುಚ್ಚಳದ ಮೇಲೂ ವಿಭೂತಿ ಬಳಿದಿತ್ತು. ರಜಾಕ್ ಎಣ್ಣೆ ನೋಡಲು ಅದಕ್ಕೆ ಕೈ ಹಾಕಿದ. ಹಾಕಿದ್ದು ಹೇಗೆ? ಬಾಣಂತಿ ಮನೆಯ ಕೂಸನ್ನು ಎತ್ತುವವನ ಹಾಗೆ, ಎರಡೇ ಬೆರಳಲ್ಲಿ ಅಂಚು ಮಾತ್ರ ಹಿಡಿದು.

"ಯಾಕೋ ಹಂಗ ಹಿಡೀತಿ?"

"ಇಬತ್ತಿ ಐತಲ್ಲ ಕಾಕಾ. ಅವರ ದೇವರದು. ನನ್ನ ಎಣ್ಣಿ ಕೈ ಹತ್ತಿ ಅಳಿಸಬಾರ್ದಲ್ಲ. ಯಾವಾಗ್ಲೂ ಹಿಂಗ ತಗೀತೇನಿ ನಾ."

ಅವನು ಮುಚ್ಚಳ ತಿರುವಿದ. "ಪುಸ್ಸ್" ಎಂದಿತು. ಕುಕ್ಕರಿನ ಸೀಟಿ ಎತ್ತಿದ ಹಾಗೆ. ಮರುಕ್ಷಣವೇ ಪದ್ಮಿನಿ ತಾನಾಗಿಯೇ ಮುಂದಕ್ಕೆ ಉರುಳಿತು! ನಾವಿಬ್ಬರೂ ಹಿಂದಕ್ಕೆ ಹಾರಿದೆವು. ಒಳಗಿನಿಂದ ಗಿರಿಜಕ್ಕ "ಅಯ್ಯ ಶಿವನ!" ಎಂದು ಬ್ರೇಕ್ ಮೆಟ್ಟಿ ಹ್ಯಾಂಡ್‌ಬ್ರೇಕ್ ಎಳೆದರು. ಹಿಂದಿನ ಸೀಟಿನ ಚನ್ನಬಸಪ್ಪನವರು ಕಣ್ಣು ಬಿಟ್ಟರು.

ನಾನು ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ವಿಭೂತಿ ಒಂದು ಸಲದ್ದಲ್ಲ. ಒದ್ದೆ ವಿಭೂತಿ, ಪದರದ ಮೇಲೆ ಪದರ, ಗೋಡೆಯ ಸುಣ್ಣದ ಹಾಗೆ ಒಣಗಿ ಗಟ್ಟಿಯಾಗಿತ್ತು. ಅದರ ಕೆಳಗೆ, ಮುಚ್ಚಳದ ನಟ್ಟನಡುವೆ, ಡಬ್ಬಿಗೆ ಗಾಳಿಯಾಡಲು ಸೂಜಿಮೊನೆಯಷ್ಟು ಒಂದು ತೂತು ಇರುತ್ತದೆ. ಬ್ರೇಕ್ ಹಾಕಿದ ಹಾಗೆಲ್ಲ ಎಣ್ಣೆ ಬಿಸಿಯಾಗಿ ಹಿಗ್ಗುತ್ತದೆ. ಆ ತೂತು ಕಟ್ಟಿದರೆ ಹಿಗ್ಗಿದ್ದಕ್ಕೆ ಜಾಗವಿಲ್ಲದೆ ಅದು ಚಕ್ರಗಳನ್ನೇ ಒತ್ತಿ ಹಿಡಿಯುತ್ತದೆ. ಮುಚ್ಚಳ ತೆಗೆದೊಡನೆ ಎಲ್ಲ ಸಡಿಲ. ಅದಕ್ಕೇ ಗ್ಯಾರೇಜಿನಲ್ಲಿ ಸುಮ್ಮನಾಗುತ್ತಿತ್ತು. ಅದಕ್ಕೇ ಹೊಸ ಮುಚ್ಚಳ ಬಂದಾಗೆಲ್ಲ ಕೆಲವು ವಾರ ಚಂದ ನಡೆಯುತ್ತಿತ್ತು. ಎಲ್ಲ ತೂತನ್ನೂ ಊದುವ ನಾನು ಇದೊಂದನ್ನು ಮಾತ್ರ ಊದಿರಲಿಲ್ಲ. ದೇವರ ವಿಭೂತಿಗೆ ಬಾಯಿ ಎಂಜಲು ತಾಗಿಸುವುದುಂಟೇ? ರಜಾಕ್ ಅಳಿಸಲಿಲ್ಲ, ನಾನು ಊದಲಿಲ್ಲ. ಕೈ ಮುಗಿದವರೇ ಎಲ್ಲ, ಕಣ್ಣು ಬಿಟ್ಟು ನೋಡಿದವರಿಲ್ಲ. ದತ್ತೋಬಾ ಕಾಕಾ ಇದ್ದಿದ್ದರೆ ಆ ರಸ್ತೆಯ ಮೇಲೆಯೇ ನನ್ನ ತಲೆಗೆ ಮೊಟಕುತ್ತಿದ್ದರು.

ಗಿರಿಜಕ್ಕ ಇಳಿದು ಬಂದರು, ಅವರ ಹಿಂದೆಯೇ ಚನ್ನಬಸಪ್ಪನವರು. ಮುಚ್ಚಳ ತೋರಿಸಿ ಎಲ್ಲ ಹೇಳಿದೆ. ಅವರು ಮುಚ್ಚಳ ನೋಡಿದರು, ಆಮೇಲೆ ಯಜಮಾನರ ಬಲಗೈಯನ್ನು ನೋಡಿದರು. ಮೂರು ಬೆರಳು ಇನ್ನೂ ಬೆಳ್ಳಗಿದ್ದವು.

"ರೀ. ಇದು ನಿಮ್ಮ ಕೆಲಸೇನು?"

ಚನ್ನಬಸಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡರು. ಮಗನ ಮುಂದೆ ಸಿಕ್ಕಿಬಿದ್ದ ತಂದೆಯ ಹಾಗೆ ನನ್ನ ಕಡೆ ನೋಡಿದರು.

"ನೀವ ಹೇಳಿದ್ರಲ್ರಿ ಮಲ್ಲೇಶಪ್ಪಾರ, ಗಾಡಿ ಜೀವ ಇದರಾಗ ಐತಿ ಅಂತ. ಜೀವ ಇದ್ದಲ್ಲೆ ಹಚ್ಚಬೇಕಲ್ಲ ಇಬತ್ತಿ? ಪ್ರತಿ ಸೋಮವಾರ ಮುಂಜಾನೆ ಈಕಿ ಜಳಕಕ್ಕ ಹೋದಾಗ ಹಚ್ಚತಿದ್ದೆ. ಬ್ರೇಕ್ ಹಟ ಮಾಡಾಕತ್ತ ಮ್ಯಾಲ ಅಂಜಿಕಿ ಬಂತು. ಇನ್ನಷ್ಟು ದಪ್ಪ ಹಚ್ಚಿದೆ."

"ಮತ್ತ ಹೇಳಬಾರದ ಒಂದ ಮಾತು?"

"ಏನಂತ ಹೇಳ್ಲಿ? ನಿನ್ನ ಡ್ರೈವಿಂಗಿಗೆ ಅಂಜತೇನಿ ಅಂದ್ರ ನೀ ಸಿಟ್ಟಿಗೇಳ್ತಿ. ನನಗ ನಿನ್ನ ಡ್ರೈವಿಂಗಿಂದ ಅಂಜಿಕಿಲ್ಲ ಗಿರಿಜಾ. ಗಾಡೀದು ಅಂಜಿಕಿ. ಮುಂದ ಕುಂತಾಕಿ ನೀನು. ನಾ ಹಿಂದ ಕುಂತು ಮತ್ತೇನ ಮಾಡ್ಲಿ?"

ಗಿರಿಜಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಬಿಸಿಲಿಗೆ ಎಂದು ನಾನೂ ರಜಾಕನೂ ತಿಳಿದುಕೊಂಡೆವು. ಆಮೇಲೆ ಒಮ್ಮೆಲೇ ನಕ್ಕರು. ಅಂಥ ನಗು! ರಸ್ತೆಯಲ್ಲಿ ಹೋಗುವ ಬೈಕಿನವನೊಬ್ಬ ನಿಂತು ನೋಡಿದ. "ಕಣ್ಣ ಮುಚ್ಚಿದ್ದು ನನ್ನ ಡ್ರೈವಿಂಗ್ ನೋಡಲಾರದ ಅಂತ ತಿಳದಿದ್ನೆಲ್ರಿ ನಾ" ಎಂದರು.

ಈಗ ಆ ವಿಭೂತಿಯನ್ನು ತೆಗೆಯುವವರು ಯಾರು? ರಜಾಕ್ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಕೊನೆಗೆ ಚನ್ನಬಸಪ್ಪನವರೇ ಮುಚ್ಚಳ ಇಸಿದುಕೊಂಡು, ಉಗುರಿನಿಂದ ಕೆರೆದು, ಉದುರಿದ ಪುಡಿಯನ್ನು ನೆಲಕ್ಕೆ ಬೀಳಲು ಬಿಡದೆ ಹಣೆಗೆ ಹಚ್ಚಿಕೊಂಡರು. ಗಿರಿಜಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ಕೊಟ್ಟರು. ನಾನು ತೂತು ಬಿಡಿಸಿ, ಕಾಕಾನನ್ನು ನೆನೆದು, ಬಾಯಿಟ್ಟು ಊದಿದೆ. ಗಾಳಿ ಆ ಬದಿಯಿಂದ ಬಂತು.

ಧಾರವಾಡಕ್ಕೆ ಹೋದೆವು. ವಾಪಸ್ ಬಂದೆವು. ರಜಾಕನ ಸಮಾಧಾನಕ್ಕೆ ಮತ್ತೊಮ್ಮೆ ಅರ್ಧದಾರಿ ಹೋಗಿ ಬಂದೆವು. ಪದ್ಮಿನಿ ಹೂವಿನ ಹಾಗೆ ನಡೆಯಿತು. ಬಸವರಾಜ ಗೇಟಿನಲ್ಲೇ ಕಾಯುತ್ತಿದ್ದ. ಸಂಗತಿ ಕೇಳಿ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತ. ಹೊಟೇಲಿನವರಿಗೆ ಅವನೇ ಫೋನು ಮಾಡಿ, "ಇಲ್ರಿ, ನಮ್ಮವ್ವ ಕೊಡಂಗಿಲ್ಲಂತ" ಎಂದ. ಇತ್ತ ಅಂಗಡಿಯಲ್ಲಿ ನಾನು ಹೊಸ ಸಿಲಿಂಡರನ್ನು ಪೇಪರ್ ಸಮೇತ ಶೆಲ್ಫಿಗೆ ಇಡುತ್ತಿದ್ದರೆ ಮಾಲಕರು ಹುಬ್ಬು ಗಂಟಿಕ್ಕಿದರು. "ಇಡೀ ದಿವಸ ತಿರಗಿ ಒಂದು ಪೀಸೂ ಮಾರಲಿಲ್ಲೇನು?" ಎಂದರು. "ಬೇಕಾಗಲಿಲ್ರಿ" ಎಂದೆ. ಕೌಂಟರಿನಲ್ಲಿ ಅಷ್ಟು ಖುಷಿಯಿಂದ ನಾನು ಮತ್ಯಾವ ಮಾತನ್ನೂ ಆಡಿದ ನೆನಪಿಲ್ಲ. ನಿಮಗೂ ಅಂಥದೊಂದು ದಿನ ಬರಲಿ, ಮಾಲಕರು ಏನಾದರೂ ಅಂದುಕೊಳ್ಳಲಿ.

ಮುಂದಿನ ಸೋಮವಾರ ಮುಂಜಾನೆ, ಅಂಗಡಿಗೆ ಹೋಗುವ ಮುಂಚೆ, ಮನಸ್ಸು ತಡೆಯದೆ ಉಣಕಲ್ಲಿಗೆ ಹೋದೆ. ಗೆಳತಿಯರಿಬ್ಬರೂ ಹಿಂದಿನ ಸೀಟಿನಲ್ಲಿ ತಾಳ ಹಿಡಿದು ಕೂತಾಗಿತ್ತು. ಗಿರಿಜಕ್ಕ ಗಾಡಿ ಚಾಲೂ ಮಾಡಿದ್ದರು. ಚನ್ನಬಸಪ್ಪನವರು ಮಾತ್ರ ಮೂರು ಬೆರಳಿಗೆ ಒದ್ದೆ ವಿಭೂತಿ ಹಚ್ಚಿಕೊಂಡು ಬಾನೆಟ್ಟಿನ ಮುಂದೆ ನಿಂತುಬಿಟ್ಟಿದ್ದರು, ಎಲ್ಲಿ ಹಚ್ಚಬೇಕೆಂದು ತಿಳಿಯದೆ.

"ಲೈಟಿಗೆ ಹಚ್ಚ್ರಿ ಸಾವಕಾರ್ರ" ಎಂದೆ. "ಟೈರಿಗೆ ಹಚ್ಚ್ರಿ. ಅಲ್ಲೆ ಏನೂ ತೂತಿಲ್ಲ."

"ಅಲ್ಲೆ ಜೀವ ಇಲ್ಲಲ್ರಿ" ಎಂದರು ಪಾಪ.

ಗಿರಿಜಕ್ಕ ಕಿಟಕಿಯ ಗಾಜು ಇಳಿಸಿ ತಲೆ ಹೊರಗೆ ಹಾಕಿದರು.

"ಇಲ್ಲ್ ಬರ್ರಿ. ಬ್ರೇಕ್ ಒತ್ತಾಕಿ ನಾನು. ನನಗ ಹಚ್ಚ್ರಿ."

ಅವರು ಬಂದರು. ಓಣಿಯ ಜನ ನೋಡುತ್ತಿದ್ದಾರೆಂದು ಆಚೀಚೆ ನೋಡಿ, ಆಮೇಲೆ ಯಾರನ್ನೂ ನೋಡದೆ, ಹೆಂಡತಿಯ ಹಣೆಗೆ ಮೂರು ಬೆರಳೆಳೆದರು. ರೂಢಿಯಂತೆ ಹಿಂದಿನ ಬಾಗಿಲಿಗೆ ಹೋದವರು, ಏನನ್ನಿಸಿತೋ, ಸುತ್ತಿ ಬಂದು ಮುಂದಿನ ಬಾಗಿಲು ತೆಗೆದು ಅವರ ಪಕ್ಕ ಕೂತರು.

"ಕಣ್ಣ ತಗದ ಕುಂಡ್ರೀ ಮತ್ತ" ಎಂದರು ಗಿರಿಜಕ್ಕ.

"ತಗದೇನಿ ತಗದೇನಿ. ನೀ ಹಾದಿ ನೋಡು."